ಸಹಾಯ ಬೇಕು: ತೀರಿಕೊಂಡ ಅಪ್ಪಾಜಿ ಹೆಸರಿನ ಕಾರು, ಆರ್‌ಸಿಯಲ್ಲಿ ಇನ್ನೂ ಸಾಲದ ನಮೂದು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಾಜಿ ಹೋದ ತಿಂಗಳು ತೀರಿಕೊಂಡರು. ಕಾರು ಅವರ ಹೆಸರಲ್ಲಿದೆ, ಕೆಎ 17, ದಾವಣಗೆರೆ ನೋಂದಣಿ. ಚನ್ನಗಿರಿ ಕಡೆಯಿಂದ ಅವ್ವನನ್ನು ಡಯಾಲಿಸಿಸ್‌ಗೆ ದಾವಣಗೆರೆಗೆ ಕರ್ಕೊಂಡು ಬರೋಕೆ ಇರೋದು ಇದೊಂದೇ ಗಾಡಿ, ನಿಲ್ಲಿಸೋ ಹಾಗಿಲ್ಲ.

ನಿಯಮ ಓದಿದ್ದೀನಿ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ವಾರಸುದಾರರು 3 ತಿಂಗಳು ಓಡಿಸಬಹುದು, ಅಷ್ಟರಲ್ಲಿ ಫಾರಂ 31 ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ತಿಳಿಸೋ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಂಡಿದ್ದೀನಿ. ಮರಣ ಪ್ರಮಾಣಪತ್ರ, ಇನ್ಶೂರೆನ್ಸ್, ಎಮಿಷನ್ ಎಲ್ಲಾ ಇದೆ. ವಂಶವೃಕ್ಷ ಮಾಡಿಸಿದ್ದೀನಿ, ಅವ್ವ, ಅಕ್ಕ, ತಂಗಿ ಮೂವರೂ ನೋಟರಿ ಮುಂದೆ ಒಪ್ಪಿಗೆ ಬರೆದುಕೊಟ್ಟಿದ್ದಾರೆ.

ಸಿಕ್ಕಿಹಾಕಿಕೊಂಡಿರೋದು ಸಾಲದ ವಿಷಯದಲ್ಲಿ. ಅಪ್ಪಾಜಿ ಕಂತು ಪೂರ್ತಿ ಕಟ್ಟಿ ಮುಗಿಸಿದ್ದರು, ಸಾಲ ತೀರಿದೆ ಅನ್ನೋ ಬ್ಯಾಂಕಿನ ಎನ್‌ಒಸಿಯೂ ಇದೆ. ಆದರೆ ಆರ್‌ಸಿಯಲ್ಲಿ ಹೈಪೋಥಿಕೇಶನ್, ಅಂದರೆ ಕಾರಿನ ಮೇಲೆ ಬ್ಯಾಂಕಿನ ಸಾಲ ಇದೆ ಅನ್ನೋ ನಮೂದು, ಹಾಗೇ ಉಳಿದಿದೆ. ಅದನ್ನು ತೆಗೆಸೋ ಫಾರಂ 35ಕ್ಕೆ ಮಾಲೀಕರ ಸಹಿ ಬೇಕು. ಆನ್‌ಲೈನ್‌ನಲ್ಲಿ ಹಾಕೋಣ ಅಂದರೆ ಒಟಿಪಿ ಅಪ್ಪಾಜಿಯ ಹಳೇ ನಂಬರಿಗೆ ಹೋಗ್ತದೆ, ಆ ಸಿಮ್ ಈಗಿಲ್ಲ. ಒಬ್ಬ ಏಜೆಂಟ್ ಮೊದಲು ಸಾಲದ ನಮೂದು ತೆಗೆಸಿ ಅಂತಾರೆ, ಇನ್ನೊಬ್ಬರು ಎರಡೂ ಒಟ್ಟಿಗೆ ಆಗ್ತದೆ ಅಂತಾರೆ. ಇನ್ಶೂರೆನ್ಸ್ ಕೂಡ ಅಪ್ಪಾಜಿ ಹೆಸರಲ್ಲೇ ಇದೆ, ದಾರಿಯಲ್ಲಿ ಏನಾದರೂ ಆದರೆ ಅನ್ನೋ ಭಯವೇ ನನಗೆ ಜಾಸ್ತಿ.

ಹೀಗೆ ವಾರಸುದಾರಿಕೆಯಲ್ಲಿ ಕಾರು ವರ್ಗಾಯಿಸಿಕೊಂಡವರು ದಯವಿಟ್ಟು ಹೇಳಿ: ಫಾರಂ 35ಕ್ಕೆ ಅಪ್ಪಾಜಿ ಜಾಗದಲ್ಲಿ ವಾರಸುದಾರನಾಗಿ ನಾನು ಸಹಿ ಹಾಕಬಹುದಾ? ಅದನ್ನೂ ಫಾರಂ 31ನ್ನೂ ಒಂದೇ ಸಲ ಕೊಟ್ಟರೆ ತಗೋತಾರಾ?