ಕಾರ್ನೆ ಅಸಾದಾ: ಸುಟ್ಟ ಬಾಡೋ, ಬಾಡೂಟವೋ?

ಗೆಳೆಯರೇ, ಮೆಕ್ಸಿಕೋ ಅಡುಗೆಯ ಬಗ್ಗೆ ಒಂದು ಸಣ್ಣ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದ ಕಾಡುತ್ತಿದೆ: 'ಕಾರ್ನೆ ಅಸಾದಾ'. (ಇಂಗ್ಲಿಷ್ ದಾರಿಯಲ್ಲಿ ಬಂದವರು 'ಅಸಾಡಾ' ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಇರುವುದು ದಕಾರವೇ.)

ಬಿಡಿಸಿದರೆ ಸುಲಭ. ಕಾರ್ನೆ ಅಂದರೆ ಮಾಂಸ, ಅಸಾದಾ ಅಂದರೆ ಸುಟ್ಟದ್ದು. ಸುಡುವುದು ದನದ ಮಾಂಸ, ಆದರೆ ದನದ್ದು ಅನ್ನುವ ಮಾತು ಹೆಸರಿನಲ್ಲೇ ಇಲ್ಲ. ಉತ್ತರ ಮೆಕ್ಸಿಕೋದ ಸೊನೋರಾ, ನುಯೆವೊ ಲಿಯೋನ್ ಎಲ್ಲ ದನ ಸಾಕುವ ನಾಡು, ಅಲ್ಲಿ ಬರೀ ಕಾರ್ನೆ ಅಂದರೂ ದನದ್ದೇ. ಮಂಡ್ಯದ ಕಡೆ 'ಬಾಡು' ಅಂದಾಗ ಯಾವುದರದ್ದು ಅಂತ ಬಿಡಿಸಿ ಹೇಳಬೇಕಿಲ್ಲವಲ್ಲ, ಹಾಗೆ.

'ಸುಟ್ಟ ಅಂದರೆ ಸೀದುಹೋದ ಹಾಗೆ ಕೇಳುತ್ತೆ, ಹುರಿದ ಅನ್ನಿ' ಅಂತ ಸ್ನೇಹಿತರೊಬ್ಬರ ಸಲಹೆ. ನಾನು ಒಪ್ಪಲಿಲ್ಲ. ಹುರಿಯಲು ಬಾಣಲೆ ಬೇಕು. ಇದು ಕೆಂಡದ ಮೇಲಿನ ಕಂಬಿಗೆ ನೇರ ಬೀಳುವ ತೆಳ್ಳನೆ ಮಾಂಸ. ಎರಡೂ ಮಗ್ಗುಲು ಕೆಲವೇ ನಿಮಿಷ, ಆಮೇಲೆ ನಾರಿಗೆ ಅಡ್ಡಲಾಗಿ ಕೊಚ್ಚಿ ತೊರ್ತೀಯಾ ಅನ್ನುವ ತೆಳು ರೊಟ್ಟಿಯಲ್ಲಿ ಸುತ್ತುತ್ತಾರೆ. ಸುಟ್ಟ ಬದನೆಕಾಯಿ, ಸುಟ್ಟ ಹಪ್ಪಳ ಸೀದದ್ದಲ್ಲ, ಅಲ್ವಾ? ಅಂದ ಹಾಗೆ, ಸೊನೋರಾದಲ್ಲಿ ಆ ಕೆಂಡ ಮೆಸ್ಕೀಟ್ ಮರದ್ದು. ನಮ್ಮ ಬಳ್ಳಾರಿ ಜಾಲಿಗೆ ಹತ್ತಿರದ ನೆಂಟ.

ಮ್ಯಾರಿನೇಟ್‌ಗೆ 'ನೆನೆಹಾಕು' ಅಂದರೆ ಉದ್ದಿನಬೇಳೆ ಕಣ್ಮುಂದೆ ಬರುತ್ತದೆ. ನಮ್ಮ ಅಡುಗೆಮನೆಯ ಮಾತು 'ಹಚ್ಚಿಟ್ಟಿದ್ದೀನಿ, ಹಿಡೀಲಿ' ಅಂತ. ನಿಂಬೆರಸ, ಬೆಳ್ಳುಳ್ಳಿ, ಉಪ್ಪು ಹಚ್ಚಿಟ್ಟ ಮಾಂಸ ಅಂತಲೇ ಬರೆದೆ. ಆದರೆ ಸೊನೋರಾದವರು ಬರೀ ಉಪ್ಪು ಹಾಕಿ ಸುಟ್ಟರೂ ಅದು ಕಾರ್ನೆ ಅಸಾದಾನೇ. ಹಾಗಾಗಿ ಹೆಸರಿಗೆ ಮಸಾಲೆ ಸೇರಿಸುವುದು ಬೇಡ ಅನ್ನಿಸಿತು.

ನಿಜವಾದ ತೊಡಕು ಬೇರೆ. 'ಭಾನುವಾರ ನಮ್ಮನೇಲಿ ಕಾರ್ನೆ ಅಸಾದಾ, ಬನ್ನಿ' ಅಂತ ಒಂದು ಸಾಲಿದೆ. ಇಲ್ಲಿ ಅದು ತಿನಿಸಲ್ಲ, ಕೂಟ. ನೆಂಟರು, ಬಿಯರು, ಕತ್ತಲಾಗುವವರೆಗೂ ಹರಟೆ. ನಾಲಿಗೆಗೆ ಮೊದಲು ಬಂದದ್ದು 'ಬಾಡೂಟ'. ಆದರೆ ಬಾಡೂಟ ಅಂದರೆ ಹರಕೆ, ಪಂಕ್ತಿ, ಮುದ್ದೆ ಎಲ್ಲ ಜೊತೆಗೇ ಬರುತ್ತವೆ. ಇಲ್ಲಿ ಜನ ಕೆಂಡದ ಸುತ್ತ ನಿಂತು, ಬೆಂದಷ್ಟು ಬೆಂದ ಹಾಗೆ ತಿನ್ನುತ್ತಾರೆ.

ಹತ್ತಿರ ಬರುವುದು ಉತ್ತರ ಕರ್ನಾಟಕದ ಸೀತನಿ. ಹೊಲದಲ್ಲೇ ಎಳೆ ಜೋಳದ ತೆನೆ ಸುಟ್ಟು, ಬಿಸಿಬಿಸಿ ಉದುರಿಸಿ ಎಲ್ಲರೂ ಸೇರಿ ತಿನ್ನುವುದು. ಆ ಕಡೆಯವರು ಹೇಳಿ: 'ನಾಳೆ ನಮ್ಮ ಹೊಲದಾಗ ಸೀತನಿ ಐತಿ' ಅಂದರೆ ನಿಮಗೆ ತೆನೆ ಕಾಣುತ್ತದೋ, ಜನ ಕಾಣುತ್ತಾರೋ? ಕೊಡಗು, ಕರಾವಳಿಯಲ್ಲಿ ಬಾಡಿಗೇ ಇಂಥ ಪದ ಏನಾದರೂ ಇದೆಯಾ?