ಅಪ್‌ಡೇಟ್: ಬಟನ್ ಗುಲಾಬಿ ಮತ್ತೆ ಚಿಗುರಿದೆ

ಮಳೆ ಹಿಡಿದ ಮೇಲೆ ಕುಂಡದ ಬಟನ್ ಗುಲಾಬಿಯ ಎಲೆಗೆ ಕಪ್ಪು ಚುಕ್ಕಿ ಬಂದು, ಹಳದಿಯಾಗಿ ಉದುರುತ್ತಿದೆ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೆನಲ್ಲ, ಈಗ ಗಿಡ ಚೇತರಿಸಿಕೊಂಡಿದೆ. ನೀವು ಹೇಳಿದ ಹಾಗೆ ಕುಂಡಗಳನ್ನು ಅಂಗಳದಿಂದ ಎತ್ತಿ ಸೂರಿನ ಕೆಳಗೆ, ಹಂಚಿನ ನೀರು ಸಿಡಿಯದಷ್ಟು ಒಳಗೆ ಇಟ್ಟೆ. ಎಲೆ 7–8 ಗಂಟೆ ಒದ್ದೆಯಾಗಿದ್ದರೆ ಸಾಕು, ಈ ಕಪ್ಪು ಚುಕ್ಕಿ ತರುವ ಶಿಲೀಂಧ್ರ ಅಂಟಿಕೊಳ್ಳುತ್ತದೆ. ನಮ್ಮ ಆಷಾಢದಲ್ಲಿ ಎಲೆ ಒಣಗುವುದಾದರೂ ಯಾವಾಗ, ಹೇಳಿ! ಉದುರಿದ ಎಲೆಯನ್ನೆಲ್ಲ ಆರಿಸಿ ಬಚ್ಚಲೊಲೆಗೆ ಹಾಕಿದೆ. ನೀರು ಬುಡಕ್ಕೆ ಮಾತ್ರ. ಬೇವಿನೆಣ್ಣೆಯನ್ನೂ ಹೊಡೆದೆ, ಆದರೆ ಜಾಗ ಬದಲಿಸಿದ್ದೇ ಜಾಸ್ತಿ ಕೆಲಸ ಮಾಡಿತು ಅನ್ಸುತ್ತೆ. ಬೋಳು ಕಡ್ಡಿಯ ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು ಮೂಡಿದೆ. ಸೂರಿನಡಿ ಬಿಸಿಲು ಕಮ್ಮಿ, ಹಾಗಾಗಿ ಮೊಗ್ಗಿಲ್ಲ. ಮಳೆ ಬಿಟ್ಟ ಮೇಲೆ ಮತ್ತೆ ಅಂಗಳಕ್ಕೆ ಇಳಿಸುತ್ತೇನೆ. ಅಲ್ಲಿಯವರೆಗೆ ಗೊಬ್ಬರ ಬೇಡ ಅಂದವರಿಗೆ ಥ್ಯಾಂಕ್ಸ್, ಹಾಕೋಕೆ ಕೈ ತುರಿಸ್ತಾ ಇತ್ತು.