ಸಹಾಯ ಬೇಕು: ಕೀಟೋ ಆಹಾರದಲ್ಲಿ ಬೆಳಗಿನ ಸಕ್ಕರೆ ಮಾತ್ರ ಏರುತ್ತಿದೆ

ಎಲ್ಲರಿಗೂ ನಮಸ್ಕಾರ. ವೈದ್ಯರ ಮೇಲ್ವಿಚಾರಣೆಯಲ್ಲಿ, ದಿನಕ್ಕೆ 50 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಇರುವ ಕೀಟೋ ಆಹಾರಕ್ರಮವನ್ನು ಕೆಲವು ತಿಂಗಳುಗಳಿಂದ ಅನುಸರಿಸುತ್ತಿದ್ದೇನೆ. ಮಧುಮೇಹಕ್ಕೆ ಯಾವ ಔಷಧವನ್ನೂ ತೆಗೆದುಕೊಳ್ಳುತ್ತಿಲ್ಲ. ಊಟದ ನಂತರದ ಸಕ್ಕರೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಸೂಚಕ) ಮತ್ತು ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಇಳಿದಿವೆ. ಆದರೆ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಮೊದಲಿಗಿಂತ ತುಸು ಹೆಚ್ಚಾಗಿದೆ, ಎಲ್‌ಡಿಎಲ್ ('ಕೆಟ್ಟ' ಕೊಲೆಸ್ಟ್ರಾಲ್) ಕೂಡ ಏರಿದೆ.

ನಾನು ಓದಿ ತಿಳಿದಂತೆ, ಇನ್ಸುಲಿನ್ ಮಟ್ಟ ತಗ್ಗಿದಾಗ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲಗಳು ರಕ್ತಕ್ಕೆ ಬಿಡುಗಡೆಯಾಗುತ್ತವೆ, ಯಕೃತ್ತು ಅವುಗಳಲ್ಲಿ ಒಂದು ಭಾಗವನ್ನು ದೇಹಕ್ಕೆ ಇಂಧನವಾಗಬಲ್ಲ ಕೀಟೋನ್‌ಗಳಾಗಿ ಪರಿವರ್ತಿಸುತ್ತದೆ, ಸ್ನಾಯುಗಳು ಮುಖ್ಯವಾಗಿ ಕೊಬ್ಬನ್ನೇ ಇಂಧನವಾಗಿ ಬಳಸುತ್ತಾ ಗ್ಲೂಕೋಸನ್ನು ಮಿದುಳಿಗೂ ಕೆಂಪು ರಕ್ತಕಣಗಳಿಗೂ ಉಳಿಸಿಕೊಡುತ್ತವೆ. ನಸುಕಿನಲ್ಲಿ ಕಾರ್ಟಿಸಾಲ್‌ನಂತಹ ಹಾರ್ಮೋನುಗಳ ಪ್ರಭಾವದಿಂದ ಯಕೃತ್ತು ಗ್ಲೂಕೋಸ್ ಬಿಡುಗಡೆ ಮಾಡುವುದೂ ಇದರೊಂದಿಗೆ ಸೇರಿಕೊಂಡು ಬೆಳಗಿನ ಸಕ್ಕರೆ ತುಸು ಏರಬಹುದು.

ನನ್ನ ಏರಿಕೆ ಇಂತಹ ಹೊಂದಾಣಿಕೆಯೋ ಅಥವಾ ನಿಜವಾದ ಇನ್ಸುಲಿನ್ ಪ್ರತಿರೋಧವೋ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದೋ) ಎಂಬುದನ್ನು ಪ್ರತ್ಯೇಕಿಸಲು ಖಾಲಿ ಹೊಟ್ಟೆಯ ಇನ್ಸುಲಿನ್ ಅಥವಾ ಸಿ-ಪೆಪ್ಟೈಡ್ (ದೇಹ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತೋರಿಸುವ) ಪರೀಕ್ಷೆ ನೆರವಾಗುತ್ತದೆಯೇ? ಗ್ಲೂಕೋಸ್ ಸಹಿಷ್ಣುತಾ ಪರೀಕ್ಷೆಗೆ (ಗ್ಲೂಕೋಸ್ ಕುಡಿಸಿ ಸಕ್ಕರೆ ಅಳೆಯುವುದು) ಮೊದಲು ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸದಿದ್ದರೆ ಫಲಿತಾಂಶ ತಪ್ಪಾಗಿ ಹೆಚ್ಚು ಬರಬಹುದಾದ್ದರಿಂದ ಆ ದಾರಿಗೆ ಹಿಂಜರಿಯುತ್ತಿದ್ದೇನೆ.

ನನಗೆ ಹೆಚ್ಚು ಚಿಂತೆ ಎಲ್‌ಡಿಎಲ್‌ನದೇ. ಸಂತೃಪ್ತ ಕೊಬ್ಬನ್ನು (ಬೆಣ್ಣೆ, ತುಪ್ಪದಂತಹವು) ಕಡಿಮೆ ಮಾಡಿ ಅಸಂತೃಪ್ತ ಕೊಬ್ಬನ್ನು (ಬೀಜಗಳು, ಆಲಿವ್ ಎಣ್ಣೆಯಂತಹವು) ಹೆಚ್ಚಿಸಿದವರಲ್ಲಿ ಅದು ಎಷ್ಟರ ಮಟ್ಟಿಗೆ ಇಳಿಯಿತು, ಎಪಿಒಬಿ (ಎಲ್‌ಡಿಎಲ್‌ನಂತಹ ಕೊಲೆಸ್ಟ್ರಾಲ್ ಕಣಗಳ ಸಂಖ್ಯೆಯನ್ನು ಸೂಚಿಸುವ ಪ್ರೋಟೀನ್) ಪರೀಕ್ಷೆಯನ್ನು ಯಾರಾದರೂ ಮಾಡಿಸಿದ್ದೀರಾ ಎಂಬುದನ್ನು ದಯವಿಟ್ಟು ತಿಳಿಸಿ. ಕೀಟೋ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಇಲ್ಲಿ ಬೇಡ; ಗುಂಪಿನಲ್ಲಿರುವ ವೈದ್ಯರು ಮತ್ತು ಆಹಾರತಜ್ಞರು ಉತ್ತರಿಸಿದರೆ ಮುಂದಿನ ತಪಾಸಣೆಯಲ್ಲಿ ಏನು ಕೇಳಬೇಕೆಂದು ಸ್ಪಷ್ಟವಾಗುತ್ತದೆ.